ಐದು ಸೆಕೆಂಡು ಕಾಯಿರಿ
ಕೊಳ್ಳೇಗಾಲದಿಂದ ಮಾದೇಶ್ವರನ ಬೆಟ್ಟಕ್ಕೆ ಹನೂರಿನ ಮೇಲೆ ಬಸ್ಸು ಹೋಗುತ್ತದೆ. ಅದರ ಟೈಮು ತಿಳಿಯೋಣವೆಂದು ವಾಟ್ಸಾಪಿನಲ್ಲಿ ಬಂದ ಗಿಡ್ಡ ಲಿಂಕ್ ಒತ್ತಿ ನೋಡಿ. ‘ಐದು ಸೆಕೆಂಡು ಕಾಯಿರಿ’ ಅನ್ನುತ್ತದೆ. ಕಾದರೆ, ನೀವು ರೋಬಾಟ್ ಅಲ್ಲ ತಾನೇ ಅಂತ ಪ್ರಶ್ನೆ! ಆಮೇಲೆ ಮೂರು ಹಸಿರು ‘ಡೌನ್‌ಲೋಡ್’ ಬಟನ್ನು. ಮೂರೂ ಸಾಲ ಕೊಡುವ ಆ್ಯಪಿಗೇ ಕರೆಯುತ್ತವೆ. ಅಸಲಿ ಬಟನ್ನು ಮೂಲೆಯಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣಗೆ. ಅಷ್ಟರಲ್ಲಿ ಬಸ್ಸು ಕೌದಳ್ಳಿ ದಾಟಿರುತ್ತದೆ.

2002ರಲ್ಲಿ ಟೈನಿಯುಆರ್‌ಎಲ್ ಎಂಬ ತಾಣ ಬಂದಾಗ ಉದ್ದ ವಿಳಾಸವನ್ನು ಮೊಟಕು ಮಾಡುವುದಷ್ಟೇ ಕೆಲಸ. ಜಾಹೀರಾತು ತೋರಿಸಿ ಲಿಂಕ್ ಹಂಚಿದವನಿಗೆ ಕಾಸು ಕೊಡುತ್ತಿದ್ದ 2009ರ ಆಡ್‌ಫ್ಲೈ ಹೊತ್ತಿಗೆ ನಮ್ಮ ತಾಳ್ಮೆಗೂ ರೇಟು ಬಂತು. ಆದರೂ ಲಿಂಕ್ ಹಂಚಿದವನಿಗೆ ಸಿಗುವುದು ಪುಡಿಗಾಸು. ಯಳಂದೂರಿನಲ್ಲಿ ನಾಲ್ಕು ಜನ ಟೀ ಕುಡಿದರೆ ಖಾಲಿ.

ನಾವು ಒತ್ತಿ ಕೊಂಡರೆ ಹಂಚಿದವರಿಗೆ ಪಾಲು ಸಿಗುವ ಕಮಿಷನ್ ಲಿಂಕುಗಳದ್ದು ಇನ್ನೊಂದು ಕಥೆ. ‘ಅಪ್ಪಟ ಕೊಳ್ಳೇಗಾಲ ರೇಷ್ಮೆ, ಬರೀ 499’ ಎಂದು ಹಾಕಿದವರು ಆ ಸೀರೆ ಮುಟ್ಟಿಯೂ ಇರುವುದಿಲ್ಲ. ಅದರ ಎಳೆ ಸುಟ್ಟು ನೋಡಿದರೆ ಪ್ಲಾಸ್ಟಿಕ್ಕಿನ ಗಂಟು! ನಮ್ಮೂರ ದಲ್ಲಾಳಿಯೂ ಕಮಿಷನ್ ತಗೊಳ್ಳುತ್ತಾನೆ, ಆದರೆ ಮಡಿಕೆ ಬಿಚ್ಚಿ, ಸೆರಗು ಹರವಿ, ಜರಿ ತೋರಿಸಿ ಎದುರಿಗೇ ಕೂತಿರುತ್ತಾನೆ. ಜಗಳವಾಡಲು ಒಂದು ಮುಖವಾದರೂ ಇರುತ್ತದೆ.

ಕಮಿಷನ್ ತಗೊಳ್ಳಿ ಸ್ವಾಮಿ, ಬೇಡ ಅನ್ನೋರ್ಯಾರು? ತಗೊಳ್ಳುತ್ತೀರೆಂದು ಲಿಂಕಿನ ಪಕ್ಕದಲ್ಲೇ ಒಂದು ಸಾಲು ಬರೆದುಬಿಡಿ.