ತಿಪ್ಪೆ ಮೀಮಾಂಸೆ

ಪೀಠಿಕೆ

ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡವನನ್ನು ಗಾದೆ ಹಂಗಿಸುತ್ತದೆ. ಉಪ್ಪರಿಗೆಯಲ್ಲಿ ಕೂತು ತಿಪ್ಪೆಯ ಕನಸು ಕಾಣುವವನ ಬಗ್ಗೆ ಗಾದೆಯೇ ಇಲ್ಲ. ಈ ಕೊರತೆಯನ್ನು ನೀಗುವ ಸಲುವಾಗಿ ಪ್ರಸ್ತುತ ಲೇಖಕನು ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಂದರ ಮೇಲೊಂದು ಮೂರು ಮಣ್ಣಿನ ಮಡಕೆ ಪೇರಿಸಿ, ಅಡುಗೆಮನೆಯ ಶೇಷವನ್ನು ಗೊಬ್ಬರವಾಗಿಸುವ ತೊಂಬತ್ತು ದಿನಗಳ ಕ್ಷೇತ್ರಕಾರ್ಯ ಕೈಗೊಂಡನು. ಕ್ಷೇತ್ರದ ವಿಸ್ತೀರ್ಣ ಎಂಟು ಚದರ ಅಡಿ. ವಾಷಿಂಗ್ ಮಷಿನ್ ಆಕ್ರಮಿಸಿಕೊಂಡ ಭಾಗವನ್ನು ಇದರಿಂದ ಕಳೆಯತಕ್ಕದ್ದು.

ಶಬ್ದವಿಚಾರ

ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಬಾನಿಯಲ್ಲಿ ಸೇರಿದರೆ ಅದರ ಹೆಸರು ಕಲಗಚ್ಚು. ಅದು ಹಸುವಿನ ಬಾಯಿಗೆ ಹೋಗಿ, ಸಗಣಿಯಾಗಿ ತಿಪ್ಪೆಗೆ ಬಂದು, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತಿತ್ತು. ತಿಪ್ಪೆಯೇನು ಸಾಮಾನ್ಯ ಸ್ಥಳವಲ್ಲ. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುವ ಊರುಗಳಿವೆ. ಮಗು ಉಳಿಯಲೆಂದು ತಿಪ್ಪಣ್ಣ ಎಂದು ಹೆಸರಿಟ್ಟ ತಾಯಂದಿರಿದ್ದರು. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗೆ ಇಂದಿಗೂ ತೇರು ಎಳೆಯುತ್ತಾರೆ. ಇಂಥ ಮನೆತನದ ವಸ್ತುವು ಅಪಾರ್ಟ್‌ಮೆಂಟಿಗೆ ಬಂದದ್ದೇ ‘ಹಸಿ ಕಸ’ ಎನಿಸಿಕೊಂಡು ಹಸಿರು ಡಬ್ಬಿ ಸೇರಿತು. ಇಲ್ಲಿ ಅಂತಸ್ತು ಇಳಿದದ್ದು ವಸ್ತುವಿನದೋ, ಮೂರನೇ ಅಂತಸ್ತು ಏರಿದವರದೋ ಎಂಬುದು ವಿದ್ವಾಂಸರು ಚರ್ಚಿಸಬೇಕಾದ ವಿಷಯ.

ಮತಭೇದ

ತಿಪ್ಪೆಶಾಸ್ತ್ರದಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಇಂದೋರ್ ಪಂಥ. ಆಲ್ಬರ್ಟ್ ಹೊವಾರ್ಡ್ ಎಂಬ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ಇದನ್ನು ರೂಪಿಸಿದ. ಹಸಿಯದು, ಒಣಗಿದ್ದು, ಸಗಣಿ ಎಲ್ಲವನ್ನೂ ಪದರಪದರವಾಗಿ ಒಟ್ಟಿ, ಗಾಳಿಯಾಡುವಂತೆ ಆಗಾಗ ಮಗುಚಬೇಕು. ಮೂರು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ಸಿದ್ಧ. ಇವರನ್ನು ಮಗುಚುವಾದಿಗಳು ಎನ್ನಬಹುದು.

ಎರಡನೆಯದು, ಹೆಮ್ಮೆಯಿಂದ ಹೇಳಬೇಕಾದದ್ದು, ಬೆಂಗಳೂರು ಪಂಥ. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ಇಲ್ಲಿ ಇದನ್ನು ರೂಪಿಸಿದರು. ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಅದರ ಪಾಡಿಗೆ ಬಿಡುವುದು. ಮಗುಚುವ ಕೆಲಸವೇ ಇಲ್ಲ. ಇವರು ಅಮಗುಚುವಾದಿಗಳು.

ಲೇಖಕನ ಹೆಂಡತಿ ಇಂದೋರನ್ನು ಕಂಡವಳಲ್ಲವಾದರೂ ಹುಟ್ಟಾ ಮಗುಚುವಾದಿ. ಭಾನುವಾರ ಬೆಳಗ್ಗೆ “ಮಡಕೆ ಮಗುಚಿ” ಎಂಬ ಆಜ್ಞೆ ಹೊರಟಾಗಲೆಲ್ಲ ಲೇಖಕನು ನಾಡಾಭಿಮಾನದಿಂದ ಅದನ್ನು ತಿರಸ್ಕರಿಸಿ, ಪೇಪರ್ ಹಿಡಿದು ಬೆಂಗಳೂರು ಪಂಥವನ್ನು ಎತ್ತಿಹಿಡಿಯುತ್ತಿದ್ದನು. ಮಣ್ಣು ಮೆತ್ತಬೇಕೆಂಬ ಸೂತ್ರವು ಆಗ ಅವನ ಗಮನಕ್ಕೆ ಬಂದಿರಲಿಲ್ಲ. ಈ ಮರೆವು ಅವನೊಬ್ಬನದೇ ಅಲ್ಲ. ಗೊಬ್ಬರದ ವಿಧಾನಕ್ಕೆ ತನ್ನ ಹೆಸರು ಕೊಟ್ಟ ನಗರವೇ ತನ್ನ ಕಸವನ್ನು ಮೆತ್ತದೆ, ಮಗುಚದೆ, ಲಾರಿಗೆ ತುಂಬಿ ಊರಾಚೆಯ ಮಂಡೂರೆಂಬ ಹಳ್ಳಿಗೆ ಸಾಗಿಸಿತು. 2014ರಲ್ಲಿ ಮಂಡೂರಿನವರು ಬೀದಿಗಿಳಿದ ಮೇಲಷ್ಟೇ ಅದಕ್ಕೆ ತನ್ನ ಕಸ ತನ್ನದೆಂಬ ಜ್ಞಾನ ಉದಯಿಸಿತು.

ವಾಸನಾ ಪ್ರಕರಣ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ತಾರ್ಕಿಕರು ಪ್ರಮಾಣಗಳನ್ನು ಎಣಿಸುತ್ತಾರೆ. ತಿಪ್ಪೆಶಾಸ್ತ್ರದಲ್ಲಿ ಮೂಗೇ ಪರಮ ಪ್ರಮಾಣ. ಹಿಂದಿನ ಜನ್ಮದ ಸಂಸ್ಕಾರ ಜೀವಕ್ಕೆ ಅಂಟಿ ಬರುವುದನ್ನು ವೇದಾಂತಿಗಳು ವಾಸನೆ ಎಂದು ಕರೆದದ್ದು ಏಕೆಂಬುದು ಲೇಖಕನಿಗೆ ಹನ್ನೊಂದನೆಯ ದಿನ ಮುಚ್ಚಳ ತೆಗೆದಾಗ ತಿಳಿಯಿತು. ಮಂಗಳವಾರದ ಹುಳಿ, ಅದಕ್ಕೂ ಹಿಂದಿನ ಹಲಸಿನ ಸಿಪ್ಪೆ ತಂತಮ್ಮ ಪೂರ್ವಜನ್ಮಗಳನ್ನು ಒಟ್ಟಿಗೇ ನೆನೆಯುತ್ತಿದ್ದವು. ಕೆಳಮಹಡಿಯವರು ಫೋನ್ ಮಾಡಿ, “ಸಾರ್, ನಿಮ್ಮ ಬಾಲ್ಕನೀಲಿ ಇಲಿ ಗಿಲಿ ಸತ್ತಿದೆಯಾ ನೋಡಿ” ಎಂದು ಪೂರ್ವಪಕ್ಷ ಮಂಡಿಸಿದರು.

ಸಿದ್ಧಾಂತ ಹೀಗಿದೆ. ಒಂದು ಪಾಲು ಸಾರಜನಕಕ್ಕೆ ಸುಮಾರು ಮೂವತ್ತು ಪಾಲು ಇಂಗಾಲ ಸಿಕ್ಕರೆ ಸೂಕ್ಷ್ಮಾಣುಗಳಿಗೆ ಹದವಾದ ಊಟ. ಅಡುಗೆಮನೆಯ ಶೇಷದಲ್ಲಿ ಸಾರಜನಕವೂ ನೀರೂ ಹೇರಳ. ಇಂಗಾಲವಿರುವುದು ಒಣ ಎಲೆಯಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ. ಇಂಗಾಲ ಸಾಲದೆ, ಗಾಳಿಯೂ ಆಡದೆ ಹೋದರೆ ಒಳಗಿನದು ಕೊಳೆತು ನಾರುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಇಳಿಯಬೇಕು. ನಮ್ಮದರಿಂದ ಅರ್ಧ ಲೋಟ ಇಳಿಯಿತು.

ಬಳಿಕ ಬೂದುಬಣ್ಣದ ದಪ್ಪ ಹುಳುಗಳು ಪ್ರಾದುರ್ಭವಿಸಿದವು. ಇವು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ಎಲ್ಲವನ್ನೂ ತಿನ್ನುತ್ತವೆ. ಬಡಿಸಿದ್ದಕ್ಕೆ ಉಪ್ಪು ಕಮ್ಮಿ, ಖಾರ ಜಾಸ್ತಿ ಎನ್ನದೆ ಉಣ್ಣುವವರು ಈ ಮನೆಯಲ್ಲಿ ಇವರೇ ಎಂದು ಹೆಂಡತಿಯು ಮೌಖಿಕ ಅಡಿಟಿಪ್ಪಣಿ ಸೇರಿಸಿದಳು.

ಪ್ರಕ್ಷಿಪ್ತ ವಿಚಾರ

ನಲವತ್ತನೆಯ ದಿನದ ಹೊತ್ತಿಗೆ ವಾಸನಾಕ್ಷಯವಾಯಿತು. ತೊಂಬತ್ತನೆಯ ದಿನ ಕೆಳಗಿನ ಮಡಕೆಯಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ನೆಲದ ಘಮದ ಗೊಬ್ಬರ! ಆರೆಂಟು ತಿಂಗಳು ಹಿಡಿಯಬೇಕಾದದ್ದು ಮೂರೇ ತಿಂಗಳಲ್ಲಿ, ಅದೂ ಒಮ್ಮೆಯೂ ಮಗುಚದೆ. ಲೇಖಕನು ಪುಳಕಗೊಂಡು 1939ರ ಮತಕ್ಕೆ ತಿದ್ದುಪಡಿ ಬರೆಯಲು ಕೂತನು.

ಆಗಲೇ ಮಡಕೆಯ ಹಿಂದೆ ಎರಡು ಅವಶೇಷಗಳು ದೊರೆತವು. ಒಂದು, ಹಿಡಿ ಸಡಿಲಾಯಿತೆಂದು ಎಸೆದೆವೆಂದುಕೊಂಡಿದ್ದ ದೋಸೆ ಸಟ್ಟುಗ, ತುದಿಯಲ್ಲಿ ಒಣಗಿದ ಕಪ್ಪು ಮಣ್ಣಿನೊಡನೆ. ಎರಡು, ಅರ್ಧ ಖಾಲಿಯಾದ ಚೀಲದಲ್ಲಿ ಬೀದಿಯ ಹೊಂಗೆಮರದ ಒಣ ಎಲೆ. ಮೂಲಪಾಠದಲ್ಲಿ ಬೇರೆಯವರ ಕೈ ಸೇರಿದರೆ ಅದನ್ನು ಪ್ರಕ್ಷಿಪ್ತವೆಂದು ಹೊರಗಿಡುವುದು ಗ್ರಂಥಸಂಪಾದನೆಯ ನಿಯಮ. ಪ್ರಸ್ತುತ ಕೃತಿಯಲ್ಲಿ ಮೂಲಪಾಠವೆಲ್ಲ ಬೇರೆಯವರ ಕೈಯದು, ಪ್ರಕ್ಷಿಪ್ತವೇ ಲೇಖಕನದು.

ಉಪಸಂಹಾರ

ಆದರೂ ಧೃತಿಗೆಡದೆ ಲೇಖಕನು, ಬೆಂಗಳೂರು ಪಂಥದಲ್ಲಿ ಮಗುಚದಿರುವ ಒಬ್ಬನ ಜೊತೆಗೆ ಮಗುಚುವ ಒಬ್ಬರು ಅಧ್ಯಾಹಾರವಾಗಿ ಇದ್ದೇ ಇರುತ್ತಾರೆಂದು ಸಾಧಿಸಿ, ಈ ಪ್ರಬಂಧವನ್ನು ಹೆಂಡತಿಗೆ ಓದಿ ಹೇಳಿದನು. ಶಬ್ದವಿಚಾರದಲ್ಲಿ ಬಿಟ್ಟುಹೋಗಿದ್ದ ಒಂದು ನುಡಿಗಟ್ಟನ್ನು ಆಕೆ ಆ ಕೂಡಲೇ ಒದಗಿಸಿದಳು.

“ರೀ, ತಿಪ್ಪೆ ಸಾರಿಸಿದ್ದು ಸಾಕು. ಸಟ್ಟುಗ ಅಲ್ಲೇ ಇದೆ, ಎದ್ದು ಮಗುಚಿ.”