ಹಿತ್ತಿಲ ಟ್ಯೂನಿಂಗ್ ಮೀಮಾಂಸೆ

ಎಂಜಿಬಿ ಎಂಬುದು ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ನಾಲ್ಕು ಸಿಲಿಂಡರಿನ ಅದರ ಎಂಜಿನ್ 1798 ಸಿಸಿಯದು, ಬೋರ್ 80.26 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಶಕ್ತಿ ಸುಮಾರು 95 ಅಶ್ವಶಕ್ತಿ. ಈ 95 ಸಾಲದು ಎಂಬ ಜ್ಞಾನೋದಯವಾದ ಗಳಿಗೆಯಿಂದ ಮಾಲೀಕನು ಹಿತ್ತಿಲ ಶೆಡ್ಡಿನಲ್ಲಿ ನಡೆಸುವ ಸಕಲ ಕರ್ಮಗಳಿಗೂ ಟ್ಯೂನಿಂಗ್ ಎಂದು ಹೆಸರು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದೇ ಈ ಶಾಸ್ತ್ರದ ಪ್ರಯೋಜನ ಎಂಬುದು ಪೂರ್ವಪಕ್ಷ. ಕೆಲಸ ಎಂದೂ ಮುಗಿಯದಂತೆ ನೋಡಿಕೊಳ್ಳುವುದೇ ಪ್ರಯೋಜನ ಎಂಬುದು ಸಿದ್ಧಾಂತ. ಶಕ್ತಿ ಹೆಚ್ಚಿದ್ದಕ್ಕೆ ಪ್ರಮಾಣ ಅಪರೂಪ; ಕೆಲಸ ಮುಗಿಯದಿದ್ದುದಕ್ಕೆ ಪ್ರಮಾಣ ಪ್ರತಿ ಶೆಡ್ಡಿನಲ್ಲೂ ಉಂಟು.

ಮೊದಲು ಎಂಜಿನ್ನಿನ ಗೋತ್ರ. ಇದು ಬಿ-ಸೀರೀಸ್ ವಂಶದ್ದು. ಎಂಜಿಬಿಗೆ ಮುಂಚಿನ ಎಂಜಿಎ ಕಾರು 1955ರಲ್ಲಿ ಬಂದಾಗ ಇದೇ ವಂಶದ 1489 ಸಿಸಿ ಎಂಜಿನ್ ಅದರಲ್ಲಿತ್ತು. ಅದೇ 1489 ಸಿಸಿ, ಅದೇ 88.9 ಮಿ.ಮೀ. ಸ್ಟ್ರೋಕಿನ ಎಂಜಿನ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಕಾರಿನೊಳಗೆ ಕುಳಿತಿತು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಎರಡು ಕಾರ್ಬೊರೇಟರ್ ಕಟ್ಟಿಕೊಂಡು ರೇಸಿಗೆ ಹೋದ. ಇನ್ನೊಬ್ಬ ಒಂದನ್ನೇ ಕಟ್ಟಿಕೊಂಡು ದಶಕಗಳ ಕಾಲ ವಿಧಾನಸೌಧದ ಮುಂದೆ ಮಂತ್ರಿಗಳಿಗಾಗಿ ಕಾದು ನಿಂತ. ಹೀಗಾಗಿ ಅಂಬಾಸಿಡರ್ ಬಿಚ್ಚಿ ಕಟ್ಟಿದ ಕರ್ನಾಟಕದ ಹಳೆಯ ಮೇಸ್ತ್ರಿಯ ಮುಂದೆ ಎಂಜಿಬಿಯ ಬಾನೆಟ್ ತೆಗೆದರೆ ಆತ ಬೆರಗಾಗುವುದಿಲ್ಲ. ಟ್ಯಾಪೆಟ್ ಕವರಿನ ಮೇಲೆ ಕೈಯಾಡಿಸಿ, ಇದಕ್ಕೆ ಇಷ್ಟೊಂದು ಮರ್ಯಾದೆಯೇ ಎಂಬಂತೆ ಮಾಲೀಕನ ಮುಖ ನೋಡುತ್ತಾನೆ.

ಅಧಿಕಾರಿ ಯಾರು, ಅಂದರೆ ಈ ವಿದ್ಯೆಗೆ ಅರ್ಹನಾರು ಎಂಬುದು ಮುಂದಿನ ಪ್ರಶ್ನೆ. ಕಾರು ಚೆನ್ನಾಗಿ ಓಡುತ್ತಿರುವವನೇ ಅಧಿಕಾರಿ. ಕೆಟ್ಟು ನಿಂತ ಕಾರಿನವನು ಗ್ಯಾರೇಜಿಗೆ ಹೋಗುತ್ತಾನೆ, ಅವನಿಗೆ ಶಾಸ್ತ್ರ ಬೇಕಿಲ್ಲ. ಅಧಿಕಾರಿಯ ಬಳಿ ಇಂಚಿನ ಸ್ಪ್ಯಾನರುಗಳ ಸೆಟ್ ಇರಬೇಕು: 7/16, 1/2, 9/16. ಮಿಲಿಮೀಟರ್ ಸ್ಪ್ಯಾನರುಗಳೇ ಸಾಕೆಂಬ ಅಪಸಿದ್ಧಾಂತವೊಂದು ಚಾಲ್ತಿಯಲ್ಲಿದೆ. 13ರ ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಕೂರುವುದು ನಿಜ. ಆದರೆ ಅರ್ಧ ಇಂಚು ಎಂದರೆ 12.7 ಮಿ.ಮೀ. ಉಳಿದ ಆ 0.3 ಮಿ.ಮೀ. ಸಂದಿನಲ್ಲಿ ನಟ್ಟಿನ ಆರೂ ಮೂಲೆಗಳು ಸವೆದು ದುಂಡಗಾಗುತ್ತವೆ. ದುಂಡಗಾದ ನಟ್ಟನ್ನು ಬಿಚ್ಚುವ ವಿಧಿ ಉಳಿಯ ಪ್ರಕರಣಕ್ಕೆ ಸೇರಿದ್ದು; ಇಲ್ಲಿ ಅದನ್ನು ವಿವರಿಸುವುದಿಲ್ಲ.

ಕರ್ಮಗಳಲ್ಲಿ ಮೊದಲನೆಯದು ಟ್ಯಾಪೆಟ್. ಎಂಟು ವಾಲ್ವುಗಳು, ಪ್ರತಿಯೊಂದಕ್ಕೂ ರಾಕರ್ ಮತ್ತು ವಾಲ್ವಿನ ನಡುವೆ 0.015 ಇಂಚು ಸಂದು. ಯಾವ ವಾಲ್ವನ್ನು ಯಾವಾಗ ಹೊಂದಿಸಬೇಕೆಂಬುದಕ್ಕೆ ಮೆಕ್ಯಾನಿಕ್‌ಗಳಲ್ಲಿ ಒಂಬತ್ತರ ಸೂತ್ರವಿದೆ. ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಹೊಂದಿಸಬೇಕಾದ ವಾಲ್ವಿನ ಸಂಖ್ಯೆ ಬರುತ್ತದೆ: ಒಂದು ತೆರೆದಿದ್ದರೆ ಎಂಟನೆಯದು, ಮೂರು ತೆರೆದಿದ್ದರೆ ಆರನೆಯದು. ಇದರಲ್ಲಿ ನವಗ್ರಹಗಳ ಕೈವಾಡವೇನೂ ಇಲ್ಲ. ಕ್ಯಾಮ್‌ಶಾಫ್ಟ್ ಮೇಲಿನ ಉಬ್ಬುಗಳ ಜೋಡಣೆಯೇ ಹಾಗಿದೆ. ಫೀಲರ್ ಗೇಜಿನ ತಗಡು ಸಂದಿನೊಳಗೆ ಸರಿಯುವಾಗ ಬೆರಳಿಗೆ ತುಸು ಬಿಗಿ ಹತ್ತಬೇಕು. ಸಿಕ್ಕಿಕೊಳ್ಳಲೂ ಬಾರದು, ಜಾರಿಹೋಗಲೂ ಬಾರದು. ಸ್ಕ್ರೂವನ್ನು ಹಾಗೇ ಹಿಡಿದು ಲಾಕ್ ನಟ್ ಬಿಗಿದರೆ ಸಂದು ಬದಲಾಗುತ್ತದೆ. ಬದಲಾಗದಂತೆ ಬಿಗಿಯುವವನೇ ಜ್ಞಾನಿ. ಸವೆದ ರಾಕರಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಗೇಜು ಗುಳಿಯ ಮೇಲೆ ಸೇತುವೆಯಂತೆ ನಿಂತು ಸುಳ್ಳು ಹೇಳುತ್ತದೆ. ಆಗ ಟ್ಯಾಪೆಟ್ ಟಕಟಕ ಎನ್ನುತ್ತಲೇ ಇರುತ್ತದೆ, ಮಾಲೀಕನು ಪ್ರತಿ ವಾರ ಅದನ್ನು ಹೊಂದಿಸುತ್ತಲೇ ಇರುತ್ತಾನೆ.

ಇಗ್ನಿಷನ್ ವಿಷಯವನ್ನು ಬೇಗ ಮುಗಿಸಬಹುದು. ಪ್ಲಗ್ ಗ್ಯಾಪ್ 0.025 ಇಂಚು, ಪಾಯಿಂಟ್ ಗ್ಯಾಪ್ ಸುಮಾರು 0.015 ಇಂಚು, ಕಿಡಿಯ ಸರದಿ 1-3-4-2. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡ ಪಂಥದವರು ತಮಗಿನ್ನು ಈ ಜಂಜಾಟವಿಲ್ಲ ಎನ್ನುತ್ತಾರೆ. ಕಿತ್ತ ಪಾಯಿಂಟ್ ಸೆಟ್ ಮಾತ್ರ ಅವರ ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಸದಾ ಇರುತ್ತದೆ.

ಶಾಸ್ತ್ರದ ಹೃದಯ ಕಾರ್ಬೊರೇಟರ್ ಪ್ರಕರಣ. ಎಂಜಿಬಿಗೆ ಕಾರ್ಖಾನೆ ಕೊಟ್ಟದ್ದು ಒಂದೂವರೆ ಇಂಚಿನ ಎರಡು ಎಸ್‌ಯು ಕಾರ್ಬೊರೇಟರ್. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್; ಇದನ್ನು 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಸ್ಕಿನ್ನರ್ ಸೋದರರ ಮನೆತನದ ವ್ಯಾಪಾರ ಪಾದರಕ್ಷೆಯದು. ಮೊದಮೊದಲ ಎಸ್‌ಯುಗಳಲ್ಲಿ ಗಾಳಿಗೆ ಏರಿಳಿಯಲು ಚರ್ಮದ ತಿದಿ ಇತ್ತು ಎಂಬುದನ್ನು ಇದರೊಂದಿಗೆ ಸೇರಿಸಿ ಓದಿದರೆ ವಂಶವಾಹಿನಿಯ ಪ್ರಭಾವದ ಬಗ್ಗೆ ಇನ್ನೊಂದು ಪ್ರಬಂಧ ಬರೆಯಬಹುದು. ನಂತರ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಎಂಜಿನ್ ಉಸಿರೆಳೆದಷ್ಟೂ ಪಿಸ್ಟನ್ ಮೇಲೇರುತ್ತದೆ. ಅದರ ತಳದಲ್ಲಿ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಸೂಜಿಯೊಂದು 0.090 ಇಂಚಿನ ಜೆಟ್ಟಿನೊಳಗೆ ಇಳಿಬಿದ್ದಿರುತ್ತದೆ. ಪಿಸ್ಟನ್ ಏರಿದಂತೆ ಸೂಜಿಯ ತೆಳು ಭಾಗ ಜೆಟ್ಟಿಗೆ ಬಂದು ಸುತ್ತಲಿನ ಸಂದು ಅಗಲವಾಗುತ್ತದೆ, ಪೆಟ್ರೋಲ್ ಹೆಚ್ಚು ಹೊರಡುತ್ತದೆ. ಇಡೀ ವಿದ್ಯೆ ಆ ಸೂಜಿಯ ಮೈಕಟ್ಟಿನಲ್ಲಿದೆ. ಏರ್ ಫಿಲ್ಟರ್ ಬದಲಿಸಿದವನು ಸೂಜಿ ಬದಲಿಸಬೇಕು, ಸೂಜಿ ಬದಲಿಸಿದವನು ಮಿಕ್ಸ್ಚರ್ ಮತ್ತೆ ಹೊಂದಿಸಬೇಕು.

ಹೊಂದಿಸಿದ್ದು ಸರಿಯೇ ಎಂದು ತಿಳಿಯುವ ವಿಧಿ ಸರಳ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಪಿಸ್ಟನ್ನನ್ನು ಅದರ ಪಿನ್ನಿನಿಂದ ಒಂದು ಕೂದಲಷ್ಟು, ಅಂದರೆ ಮಿಲಿಮೀಟರಿಗಿಂತ ಕಡಿಮೆ, ಎತ್ತಬೇಕು. ಎಂಜಿನ್ ಓಟ ಏರಿ ಹಾಗೇ ಉಳಿದರೆ ಮಿಶ್ರಣ ರಿಚ್. ಕುಸಿದು ಸಾಯುವಂತಾದರೆ ಲೀನ್. ಒಮ್ಮೆ ತುಸು ಏರಿ ಹಿಂದಿನ ಗತಿಗೆ ಮರಳಿದರೆ ಸರಿ. ಜೆಟ್ಟಿನ ಕೆಳಗಿನ ಷಟ್ಕೋನ ನಟ್ಟನ್ನು ಒಂದೊಂದು ಮುಖದಷ್ಟೇ ತಿರುಗಿಸುತ್ತ ಈ ಪರೀಕ್ಷೆಯನ್ನು ಮಾಡಬೇಕು. ಮೂರನೆಯ ಸ್ಥಿತಿಯನ್ನು ತಲುಪಿದವನು ಕೈತೊಳೆದುಕೊಂಡು ಒಳಗೆ ಹೋಗಬಹುದು ಎಂದು ಶಾಸ್ತ್ರ ಹೇಳುತ್ತದೆ. ಹೋದ ನಿದರ್ಶನವಿಲ್ಲ.

ಏಕೆಂದರೆ ಕಾರ್ಬೊರೇಟರುಗಳು ಎರಡಿವೆ, ಅವೆರಡೂ ಸಮನಾಗಿ ಉಸಿರಾಡಬೇಕು. ನಡುವಿನ ಸ್ಪಿಂಡಲ್ಲಿನ ಕ್ಲಿಪ್ಪುಗಳನ್ನು ಸಡಿಲಿಸಿ, ತೋಟಕ್ಕೆ ನೀರು ಬಿಡುವಂಥ ರಬ್ಬರ್ ಪೈಪಿನ ತುಂಡೊಂದರ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, ಮುಂದಿನದರ ಬುಸುಗುಟ್ಟುವಿಕೆಯನ್ನೂ ಹಿಂದಿನದನ್ನೂ ಹೋಲಿಸುತ್ತ ಸ್ಕ್ರೂ ತಿರುಗಿಸಬೇಕು. ಎರಡೂ ಒಂದೇ ಶ್ರುತಿಗೆ ಬಂದೊಡನೆ ಕ್ಲಿಪ್ಪುಗಳನ್ನು ಬಿಗಿಯಬೇಕು. ಬಿಗಿಯುವಾಗ ಸ್ಪಿಂಡಲ್ ತುಸು ಹೊರಳುತ್ತದೆ, ಶ್ರುತಿ ಕೆಡುತ್ತದೆ. ಇಲ್ಲಿಂದಲೇ ಮತಭೇದಗಳು ಹುಟ್ಟಿದ್ದು. ಮುಂದಿನ ಕಾರ್ಬೊರೇಟರಿಗೂ ಹಿಂದಿನದಕ್ಕೂ ಇರುವ ಭೇದ ನಿತ್ಯ, ಸತ್ಯ, ಎಷ್ಟು ಬುಸುಗುಟ್ಟಿಸಿದರೂ ಅಳಿಯದು ಎನ್ನುವವರು ದ್ವೈತಿಗಳು. ಎರಡನ್ನೂ ಕಿತ್ತು ಇಟಲಿಯ ವೆಬರ್ 45 ಡಿಸಿಒಇ ಒಂದನ್ನು ಕೂರಿಸುವವರು ವಿಶಿಷ್ಟಾದ್ವೈತಿಗಳು. ಅದರಲ್ಲಿ ಶರೀರ ಒಂದೇ, ಗಂಟಲು ಎರಡು. ಅಮೆರಿಕಕ್ಕೆ ಹೋಗುತ್ತಿದ್ದ ಎಂಜಿಬಿಗಳಿಗೆ 1975ರಿಂದ ಹೊಗೆ ನಿಯಮಗಳ ಕಾರಣಕ್ಕೆ ಜೆನಿತ್-ಸ್ಟ್ರಾಂಬರ್ಗ್ ಒಂದನ್ನೇ ಕೊಡಲಾಯಿತು. ಇದು ಶುದ್ಧ ಅದ್ವೈತ. ಅದರಲ್ಲಿ ಭೇದವೆಲ್ಲ ಅಳಿಯಿತು. ಜೊತೆಗೆ ಶಕ್ತಿಯೂ ಅಳಿದು 70 ಅಶ್ವಶಕ್ತಿಗಿಂತ ಕೆಳಗಿಳಿಯಿತು. ಅಲ್ಲಿನ ಮಾಲೀಕರು ಇಂದಿಗೂ ಅದನ್ನು ಕಿತ್ತು ಹಳೆಯ ಎಸ್‌ಯು ಜೋಡಿಯನ್ನು ಹುಡುಕಿ ಹಾಕುತ್ತಿರುವುದರಿಂದ ದ್ವೈತದ ಕೈ ಮೇಲಾಗಿದೆ ಎಂದೇ ತೀರ್ಮಾನಿಸಬೇಕು. ವೆಬರ್ ಪಂಥಕ್ಕೆ ಒಂದು ವಿಶೇಷ ಲಾಭವುಂಟು. ಎಸ್‌ಯುವಿನಲ್ಲಿ ಬದಲಿಸಲು ಸೂಜಿ, ಸ್ಪ್ರಿಂಗು ಮಾತ್ರ. ವೆಬರಿನಲ್ಲಿ ಮೇನ್ ಜೆಟ್, ಐಡಲ್ ಜೆಟ್, ಪಂಪ್ ಜೆಟ್, ಏರ್ ಕರೆಕ್ಟರ್, ಎಮಲ್ಷನ್ ಟ್ಯೂಬ್, ಚೋಕ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ, ಬಿಡಿಬಿಡಿಯಾಗಿಯೇ ದುಡ್ಡು ಕೇಳುತ್ತವೆ.

ಕಾರ್ಬೊರೇಟರ್ ಎಷ್ಟೇ ದೊಡ್ಡದಾಗಲಿ, ಅದರ ಗಾಳಿ ಸಿಲಿಂಡರ್ ಹೆಡ್ ದಾಟಬೇಕು. ಬಿ-ಸೀರೀಸ್ ಹೆಡ್ಡಿನ ಹೃದಯಾಕಾರದ ದಹನಕೋಣೆ ಹ್ಯಾರಿ ವೆಸ್ಲೇಕ್ ಅವರ ಕೈಚಳಕ, ಚೆನ್ನಾಗಿಯೇ ಇದೆ. ತೊಡಕಿರುವುದು ಬಾಗಿಲಲ್ಲಿ. ನಾಲ್ಕು ಸಿಲಿಂಡರುಗಳಿಗೆ ಗಾಳಿ ಬರುವ ದಾರಿ ಎರಡೇ. ಒಂದೇ ತಲೆಬಾಗಿಲಿನ ಅವಿಭಕ್ತ ಕುಟುಂಬದಲ್ಲಿ ಅಣ್ಣ ತಮ್ಮಂದಿರು ಒಬ್ಬರ ಪಾಲನ್ನು ಒಬ್ಬರು ಕಸಿಯುವಂತೆ, ಒಂದು ಬಾಗಿಲನ್ನು ಹಂಚಿಕೊಂಡ ಎರಡು ಸಿಲಿಂಡರುಗಳಲ್ಲಿ ಒಂದು ಎಳೆದುಕೊಂಡ ಮೇಲೆ ಉಳಿದದ್ದು ಇನ್ನೊಂದಕ್ಕೆ. ಹೊಗೆ ಹೊರಹೋಗಲು ದಾರಿ ಮೂರು. ಹಿತ್ತಿಲ ಪಂಡಿತನು ಡ್ರಿಲ್ಲಿಗೆ ಉಜ್ಜುಕಲ್ಲು ಕಟ್ಟಿ ಈ ದಾರಿಗಳನ್ನು ಅಗಲ ಮಾಡುತ್ತಾನೆ. ಎಲ್ಲಿ ಎಷ್ಟು ತೆಗೆಯಬೇಕೆಂದು ತಿಳಿದವನಿಗೆ ಇದರಷ್ಟು ಲಾಭದ ಕೆಲಸ ಇನ್ನೊಂದಿಲ್ಲ. ತಿಳಿಯದವನಿಗೆ, ಕಲ್ಲು ನೀರಿನ ಪದರವನ್ನು ಮುಟ್ಟುವವರೆಗೂ ಕೆಲಸ ಸೊಗಸಾಗಿ ಸಾಗುತ್ತದೆ. ಹೊಳೆಯುವ ಅಲ್ಯುಮಿನಿಯಂ ಟ್ಯಾಪೆಟ್ ಕವರನ್ನೂ ಕೆಲವರು ಹೆಡ್ಡಿನ ಸುಧಾರಣೆಗಳಲ್ಲಿ ಎಣಿಸುವುದುಂಟು. ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ವರ್ಗಕ್ಕೆ ಸೇರಿದ್ದು.

ಕ್ಯಾಮ್‌ಶಾಫ್ಟ್ ಬದಲಿಸುವುದರಿಂದ ಸರಪಳಿ ನ್ಯಾಯ ಆರಂಭವಾಗುತ್ತದೆ. ಹೊಸ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಎತ್ತಿ ಹೆಚ್ಚು ಹೊತ್ತು ತೆರೆದಿಡುತ್ತದೆ. ಅದಕ್ಕೆ ಬಿಗಿ ಸ್ಪ್ರಿಂಗು ಬೇಕು. ಶಕ್ತಿ ಮೇಲಿನ ಆರ್‌ಪಿಎಮ್ಮಿಗೆ ಜರುಗುತ್ತದೆ, ಕೆಳಗೆ ಪಿಕಪ್ ಬಡವಾಗುತ್ತದೆ, ಐಡ್ಲಿಂಗ್ ಕುಂಟುತ್ತದೆ. ಸಿಗ್ನಲ್ಲಿನಲ್ಲಿ ಕಾರು ನಡುಗುತ್ತ ನಿಲ್ಲುವುದನ್ನು ಮಾಲೀಕನು ಪೌರುಷವೆಂದು ಬಗೆಯುತ್ತಾನೆ. ಕ್ಯಾಮ್ ಬದಲಾದ ಮೇಲೆ ಬೋರಿಂಗ್ ಬಿಡಲುಂಟೇ? 0.060 ಇಂಚು ಬೋರ್ ಹೆಚ್ಚಿಸಿದರೆ 1868 ಸಿಸಿ, 83.5 ಮಿ.ಮೀ. ಪಿಸ್ಟನ್ ಹಾಕಿದರೆ ಸುಮಾರು 1950 ಸಿಸಿ. ಬಂದ ಶಕ್ತಿಯನ್ನು ತಡೆಯದೆ ಕ್ಲಚ್ ಜಾರುತ್ತದೆ, ಹೊಸ ಕ್ಲಚ್. ವೇಗಕ್ಕೆ ಬ್ರೇಕ್ ಸಾಲದು, ಹೊಸ ಬ್ರೇಕ್. ಬಿಸಿಗೆ ರೇಡಿಯೇಟರ್ ಸಾಲದು. 1964ಕ್ಕೆ ಮುಂಚಿನ ಎಂಜಿನ್ನಾದರೆ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಆಗ ಐದು ಬೇರಿಂಗಿನ ಬೇರೆ ಎಂಜಿನ್ನನ್ನೇ ತಂದು ಮೊದಲಿನಿಂದ ಶುರು. ಯಾವ ಕೊಂಡಿಯಲ್ಲಿ ನಿಲ್ಲಿಸಬೇಕೆಂಬುದನ್ನು ಶಾಸ್ತ್ರ ಹೇಳಿಲ್ಲ, ಬ್ಯಾಂಕು ಹೇಳುತ್ತದೆ.

ಫಲವನ್ನು ಅಳೆಯುವ ಪ್ರಮಾಣಗಳು ಮೂರು: ಪ್ರತ್ಯಕ್ಷ, ಶಬ್ದ, ರೋಲಿಂಗ್ ರೋಡ್. ಪ್ರತ್ಯಕ್ಷವೆಂದರೆ ಸೀಟು ಬೆನ್ನನ್ನು ಒತ್ತಿದ ಅನುಭವ. ಬಿಲ್ಲಿನ ಮೊತ್ತ ಹೆಚ್ಚಿದಷ್ಟೂ ಒತ್ತು ಹೆಚ್ಚೆನಿಸುತ್ತದೆ. ಶಬ್ದ ಪ್ರಮಾಣವನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಏರ್ ಫಿಲ್ಟರಿನ ಡಬ್ಬಿ ಕಿತ್ತಾಗ ಎಂಜಿನ್ನಿನ ಮೊರೆತ ಜೋರಾಗುತ್ತದೆ, ಕಾರು ಅಷ್ಟೇ ಜೋರಾಗಿ ಓಡುತ್ತಿದೆಯೆಂದು ಕಿವಿ ಸಾಕ್ಷಿ ಹೇಳುತ್ತದೆ. ವಾಸ್ತವದಲ್ಲಿ ಎಂಜಿನ್ ಈಗ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತಿರುತ್ತದೆ. ರೋಲಿಂಗ್ ರೋಡ್ ಎಂಬ ಯಂತ್ರದ ಉರುಳೆಗಳ ಮೇಲೆ ಚಕ್ರ ತಿರುಗಿಸಿ ಅಳೆದರೆ ನಿಜ ಸಂಖ್ಯೆ ಬರುತ್ತದೆ. ಗೇರ್‌ಬಾಕ್ಸು, ಹಿಂದಿನ ಆಕ್ಸಲುಗಳಲ್ಲಿ ಒಂದಿಷ್ಟು ಶಕ್ತಿ ಸೋರಿಹೋಗುವುದರಿಂದ ಅದು ಯಾವಾಗಲೂ ನಿರೀಕ್ಷೆಗಿಂತ ಕಡಿಮೆ. ಸೋರಿದ್ದು ಎಷ್ಟೆಂದು ಊಹಿಸಿ ಕೂಡಿಸಿಕೊಳ್ಳುವ ಸ್ವಾತಂತ್ರ್ಯ ಮಾಲೀಕನಿಗಿದೆ. ಹೀಗೆ ಕೂಡಿಸಿದ ಸಂಖ್ಯೆ ಗೆಳೆಯರಿಗೆ ಹೇಳುವುದಕ್ಕೆ. ವಿಮಾ ಕಂಪನಿಯ ಅರ್ಜಿಯಲ್ಲಿ ಅದೇ ಕೆಲಸ ಸಾಮಾನ್ಯ ದುರಸ್ತಿಯ ರೂಪ ತಾಳುತ್ತದೆ. ಬ್ರಿಟನ್ನಿನಲ್ಲಿ ಮಾರ್ಪಾಡುಗಳನ್ನು ವಿಮೆಯವರಿಗೆ ತಿಳಿಸಲೇಬೇಕಾದ್ದರಿಂದ, ಅಪಘಾತವಾದ ದಿನ ಎರಡೂ ಪಾಠಾಂತರಗಳ ತುಲನಾತ್ಮಕ ಅಧ್ಯಯನ ನಡೆಯುತ್ತದೆ.

ಇಂಧನದ ಬಗ್ಗೆ ಒಂದು ಅನುಬಂಧ ಅಗತ್ಯ. ಈ ಎಂಜಿನ್ ಹುಟ್ಟಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸವಿತ್ತು. ಅದು ಎಕ್ಸಾಸ್ಟ್ ವಾಲ್ವಿನ ಸೀಟಿನ ಮೇಲೆ ಲೇಪವಾಗಿ ಸವೆತ ತಡೆಯುತ್ತಿತ್ತು. 2000ನೇ ಇಸವಿಯ ಹೊತ್ತಿಗೆ ಬ್ರಿಟನ್ನಿನಲ್ಲೂ ಭಾರತದಲ್ಲೂ ಸೀಸ ಹೋಯಿತು. ಗಟ್ಟಿ ಲೋಹದ ಸೀಟ್ ಹಾಕಿಸದ ಹೆಡ್ಡುಗಳಲ್ಲಿ ವಾಲ್ವು ಮೆಲ್ಲಗೆ ಒಳಗಿಳಿಯುತ್ತ 0.015 ಇಂಚಿನ ಸಂದನ್ನು ತಿಂದುಹಾಕುತ್ತದೆ, ಟ್ಯಾಪೆಟ್ ಸದ್ದೇ ನಿಲ್ಲುತ್ತದೆ. ಸದ್ದು ನಿಂತಿತೆಂದು ಮಾಲೀಕನು ಹಿಗ್ಗುವ ಏಕೈಕ ಸಂದರ್ಭ ಇದು. ವಾಲ್ವು ಸುಡುವುದೂ ಇದರ ನಂತರವೇ. ಬ್ರಿಟನ್ನಿನ ಮಾಮೂಲಿ ಪೆಟ್ರೋಲಿಗೆ 2021ರಿಂದ ಶೇ. 10ರವರೆಗೆ ಎಥನಾಲ್ ಬೆರೆತಿದೆ. ಹಳೆಯ ರಬ್ಬರ್ ಪೈಪು, ಸೀಲುಗಳಿಗೆ ಅದು ಆಗಿಬರುವುದಿಲ್ಲ. ಪೈಪುಗಳನ್ನು ಬದಲಿಸುವುದು ಈ ಗ್ರಂಥದಲ್ಲಿ ಹೇಳಿದ ಕೆಲಸಗಳಲ್ಲೆಲ್ಲ ಅಗ್ಗದ್ದು, ಬೆಂಕಿಯಿಂದ ಕಾಪಾಡುವಂಥದ್ದು. ಅದರಿಂದ ಸದ್ದಾಗಲಿ ಹೊಳಪಾಗಲಿ ಹೆಚ್ಚುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ ಮಾಡುತ್ತಾರೆ.

ಕೊನೆಯ ಪ್ರಕರಣ ವಿಕ್ರಯ. ಟ್ಯೂನ್ ಮಾಡಿದ ಎಂಜಿಬಿಯನ್ನು ನೋಡಲು ಬರುವವನು ಬಾನೆಟ್ ತೆಗೆಸಿ ಮೊದಲು ಕೇಳುವುದು, ಕಾರ್ಖಾನೆಯ ಮೂಲ ಸಾಮಾನುಗಳು ಇವೆಯೇ ಎಂದು. ಆದ್ದರಿಂದ ಕಿತ್ತ ಎಸ್‌ಯು ಜೋಡಿ, ಹಳೆಯ ಮ್ಯಾನಿಫೋಲ್ಡ್, ಏರ್ ಫಿಲ್ಟರಿನ ಡಬ್ಬಿಗಳು, ಕ್ಯಾಮ್, ಮಾರ್ಪಡಿಸದ ಹೆಡ್ ಇವಿಷ್ಟನ್ನು ಎಣ್ಣೆ ಹಚ್ಚಿ, ಕಾಗದ ಸುತ್ತಿ, ಹೆಸರು ಬರೆದು ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆಯಿದ್ದರೆ ಕಾರಿಗೆ ಒಳ್ಳೆಯ ಬೆಲೆ ಬರುತ್ತದೆ. ಇಲ್ಲದಿದ್ದರೆ ಮಾರ್ಪಾಡಿಗೆ ಸುರಿದ ಹಣದ ಮಾತೇ ಬರುವುದಿಲ್ಲ. ಕೊಂಡವನು ಮೊದಲ ಚಳಿಗಾಲದಲ್ಲೇ ಎಂಜಿನ್ ಬಿಚ್ಚಿ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಮತ್ತೆ ಜೋಡಿಸುತ್ತಾನೆ, ಕಿತ್ತ ವೆಬರನ್ನು ಅದೇ ಪೆಟ್ಟಿಗೆಯಲ್ಲಿಡುತ್ತಾನೆ.