ಸುಲ್ತಾನ್‌ಪಾಳ್ಯದ ಮೊಸಳೆರಾಯರಿಗೆ ಒಂದು ಬಹಿರಂಗ ಪತ್ರ

ವಿಷಯ: ತಮ್ಮನ್ನು ನಮ್ಮ ಬೀದಿಗೆ ನಿಯೋಜನೆ ಮೇಲೆ ಕಳಿಸಿಕೊಡುವ ಬಗ್ಗೆ.
ಉಲ್ಲೇಖ: ನಮ್ಮ ಹಿಂದಿನ ಅರ್ಜಿಗಳು (ಉತ್ತರ ಬಂದಿರುವುದಿಲ್ಲ).

ಮಾನ್ಯ ಮೊಸಳೆರಾಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, 2015ರ ಜೂನ್‌ನಲ್ಲಿ ತಾವು ಸಲ್ಲಿಸಿದ ಸೇವೆಯನ್ನು ಬೆಂಗಳೂರು ಮರೆತಿಲ್ಲ. ರಸ್ತೆಯಲ್ಲಿ 12 ಅಡಿ ಉದ್ದದ ಗುಂಡಿ, ಅದರ ತುಂಬ ನಿಂತ ನೀರು. ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ತಮ್ಮನ್ನು ತಂದು ಅದರೊಳಗೆ ಬಿಟ್ಟರು. ತೂಕ 20 ಕೆ.ಜಿ., ಜೀವ ಇಲ್ಲ, ಓಟೂ ಇಲ್ಲ. ತಾವು ಯಾರನ್ನೂ ಕಚ್ಚಲಿಲ್ಲ, ಧರಣಿ ಕೂರಲಿಲ್ಲ, ಮೂರು ಪ್ರತಿಗಳಲ್ಲಿ ಮನವಿ ಸಲ್ಲಿಸಲಿಲ್ಲ. ಸುಮ್ಮನೆ ಮಲಗಿದಿರಿ. ಜನ ಫೋಟೊ ತೆಗೆದರು, ಕ್ಯಾಮೆರಾದವರು ಬಂದರು, ಅವರ ಬೆನ್ನಿಗೇ ರಿಪೇರಿಯವರೂ ಬಂದರು. ಮನುಷ್ಯರು ಮಲಗಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ.

ತಮ್ಮ ದಾಯಾದಿಗಳೂ ಸಾಮಾನ್ಯರಲ್ಲ. 2017ರಲ್ಲಿ ನಗರದ ನಟ್ಟನಡುವಿನ ಗುಂಡಿಯೊಂದರಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಕೂತರು. 2019ರ ಸೆಪ್ಟೆಂಬರ್‌ನಲ್ಲಂತೂ ಹೇರೋಹಳ್ಳಿಯ ರಸ್ತೆಗೆ ಚಂದ್ರನೇ ಇಳಿದ. ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ವೇಷದಲ್ಲಿ ತೇಲಿ ತೇಲಿ ಹೆಜ್ಜೆ ಇಡುತ್ತಿದ್ದರೆ, ಅವು ಚಂದ್ರನ ಕುಳಿಗಳೇ ಇರಬೇಕೆಂದು ನಾವು ನಂಬುವಷ್ಟರಲ್ಲಿ ಪಕ್ಕದಲ್ಲೊಂದು ಆಟೊ ಹಾದುಹೋಯಿತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಆ ಕಡೆ ಇಳಿಯಲು ಇನ್ನೂ ತಯಾರಾಗುತ್ತಿತ್ತು. ನಮ್ಮವರು ಆಗಲೇ ಈ ಕಡೆ ಚಂದ್ರನ ಕುಳಿಗೆ ಜಲ್ಲಿ ಸುರಿಯತೊಡಗಿದ್ದರು.

ಇಲ್ಲಿ ತಮಗೊಂದು ಅನ್ಯಾಯವಾಗಿದೆ, ಗಮನಿಸಿದ್ದೀರೋ ಇಲ್ಲವೋ. ತಮ್ಮ ಜಾತಿಯ ಕಲೆ ಗೆದ್ದ ದಿನವೇ ಕೆಲಸ ಕಳೆದುಕೊಳ್ಳುತ್ತದೆ. ಗುಂಡಿ ಮುಚ್ಚಿತು, ತಾವು ಮನೆಗೆ. ಅದೇ ಹುಟ್ಟುಹಬ್ಬದ ಫ್ಲೆಕ್ಸನ್ನು ನೋಡಿ. ಊರಿನ ಅಂದಗೆಡಿಸಬಾರದೆಂದು 1981ರಿಂದ ಕಾಯ್ದೆ ಇದೆ. 2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ರಾತ್ರೋರಾತ್ರಿ ಫ್ಲೆಕ್ಸುಗಳು ಇಳಿದವು, ಎರಡು ದಿನ ಆಕಾಶ ಕಂಡು ಜನ ಗಾಬರಿಯಾದರು. ಈಗ ಎಲ್ಲ ಮೊದಲಿನಂತೇ ಇದೆ. ನಡುವೆ ಕೈ ಮುಗಿದ ಒಬ್ಬರು, ಸುತ್ತ ಪಾಸ್‌ಪೋರ್ಟ್ ಸೈಜಿನ ಮುಖಗಳ ಜಾತ್ರೆ, ಕೆಳಗೆ ‘ಶುಭ ಕೋರುವವರು’. ಹಿಂದಿರುವ ಮರ, ಸಿಗ್ನಲ್, ಬಸ್ ನಂಬರು, ಯಾವುದೂ ಕಾಣುವುದಿಲ್ಲ. ತೋರಿಸುವ ಚಿತ್ರಕ್ಕೆ ಆಯುಷ್ಯ ಒಂದು ದಿನ, ಮುಚ್ಚುವ ಚಿತ್ರಕ್ಕೆ ಗಾಳಿ ಬಂದು ಹರಿಯುವವರೆಗೆ.

ಸಿನಿಮಾ ಬ್ಯಾನರ್ ಬರೆಯುತ್ತಿದ್ದವರ ಕುಂಚ ಕಿತ್ತುಕೊಂಡದ್ದೂ ಈ ಫ್ಲೆಕ್ಸೇ. ಥಿಯೇಟರಿನ ತಲೆಯ ಮೇಲೆ ರಾಜ್‌ಕುಮಾರ್ ಮೀಸೆಯನ್ನು ಸಾರವೆ ಹತ್ತಿ ತಿದ್ದಿದ ಕೈಗಳವು. 2009ರ ಸುಮಾರಿಗೆ ಬಿಬಿಎಂಪಿ ಅಂಥವರನ್ನು ಕರೆದು ನಗರದ ಗೋಡೆಗಳನ್ನು ಕೊಟ್ಟಿತು. ಜೋಗ ಬಂತು, ಹಂಪಿಯ ಕಲ್ಲಿನ ರಥ ಬಂತು, ಹುಲಿ, ಆನೆ. ಕಲೆ ಬಲ್ಲವರು ಕ್ಯಾಲೆಂಡರ್ ಚಿತ್ರವೆಂದು ಮೂಗು ಮುರಿದರು. ನನಗಂತೂ ಖುಷಿಯಾಗಿತ್ತು. ಕೆಂಪು ದೀಪ ಬಿದ್ದರೆ ಕೂತಲ್ಲೇ ಜೋಗ, ಅದೂ ಬೇಸಿಗೆಯಲ್ಲಿ! ಆಮೇಲಾಮೇಲೆ ದಾರಿಹೋಕರು ಆ ಜಲಪಾತಕ್ಕೆ ತಮ್ಮ ಕೈಲಾದಷ್ಟು ನೀರನ್ನೂ ಸೇರಿಸತೊಡಗಿದರು. ಅದನ್ನು ತಡೆಯಲೆಂದು ಈ ಊರಿನ ಗೋಡೆಗಳಲ್ಲಿ ತಿಮ್ಮಪ್ಪ, ಯೇಸು, ಮೆಕ್ಕಾ ಒಂದೇ ಸಾಲಿನ ಟೈಲ್ಸ್‌ಗಳಲ್ಲಿ ಬಂದು ನಿಂತಿದ್ದಾರೆ. ಸರ್ವಧರ್ಮ ಸಮನ್ವಯ ಇಷ್ಟು ಅಗ್ಗವಾಗಿ ಇನ್ನೆಲ್ಲೂ ಆಗಿರಲಾರದು.

ಇನ್ನು ನಮ್ಮ ಬೀದಿಯ ವಿಚಾರ. ಗುಂಡಿ ವಿಶಾಲವಾಗಿದೆ, ಹೊರಳಾಡಲು ಅಡ್ಡಿಯಿಲ್ಲ. ನೋಡಲಿಕ್ಕೂ ಬೇಕಾದಷ್ಟಿದೆ. ಬೆಳಿಗ್ಗೆ ಎದುರುಮನೆ ಅಜ್ಜಿ ಗುಂಡಿ ತಪ್ಪಿಸಿ ಚುಕ್ಕಿ ಇಡುತ್ತಾರೆ, ಹಾಗಾಗಿ ಅವರ ರಂಗೋಲಿಯ ನವಿಲಿಗೆ ಯಾವಾಗಲೂ ಒಂದು ಕಡೆ ಗರಿ ಕಡಿಮೆ. ಅದನ್ನು ದಾಟುವಾಗ ಹೂವಿನಾಕೆ ಬುಟ್ಟಿ ಸಮೇತ ಒಂದು ನಿಮಿಷ ನಿಂತು, “ಇವತ್ತು ಕತ್ತು ಚೆನ್ನಾಗಿ ಬಂದದೆ ಕಣಜ್ಜಿ” ಎಂದು ಸರ್ಟಿಫಿಕೇಟು ಕೊಟ್ಟೇ ಮುಂದೆ ಹೋಗುವುದು. ಆಟೊಗಳು ಬರುತ್ತವೆ, ಬೆನ್ನ ಮೇಲಿನ ಶಂಕರ್‌ನಾಗ್ ಗುಂಡಿಗೆ ಇಳಿದು, ನಗುತ್ತಲೇ ಮೇಲೇಳುತ್ತಾರೆ. 1980ರ ‘ಆಟೊ ರಾಜ’ನನ್ನು ಇವತ್ತಿಗೂ ಬರೆಸಿಕೊಳ್ಳುವ ಈ ಚಾಲಕರಿಗೆ ಯಾವ ಅಕಾಡೆಮಿಯೂ ಅನುದಾನ ಕೊಟ್ಟದ್ದನ್ನು ನಾನು ಕೇಳಿಲ್ಲ. ಜೆಸಿಬಿ ಬಂದ ದಿನವಂತೂ ಹಬ್ಬ. ಬೈ-ಟು ಕಾಫಿ ಹಿಡಿದು ಅರ್ಧ ಬೀದಿ ನಿಂತು ನೋಡುತ್ತದೆ. ಅಗೆಯುವುದನ್ನು ಎಲ್ಲರೂ ನೋಡಿದ್ದೇವೆ, ಮುಚ್ಚುವುದನ್ನು ನೋಡಿದವರಿಲ್ಲ.

ನಮ್ಮ ಷರತ್ತು ಹೆಚ್ಚಿಲ್ಲ. ಟಿಎ, ಡಿಎ ಕೊಡಲಾಗುವುದಿಲ್ಲ. ಕಣ್ಣೀರು ಹಾಕುವ ಹೊಣೆ ತಮ್ಮದಲ್ಲ. ಆ ಹುದ್ದೆ ಚುನಾವಣೆಯ ಮೂಲಕ ಭರ್ತಿಯಾಗಿದೆ. ಸಾಹೇಬರು ಪರಿಶೀಲನೆಗೆ ಬಂದರೆ ತಮ್ಮ ಜೊತೆ ಸೆಲ್ಫಿ ಕೇಳಬಹುದು, ದಯವಿಟ್ಟು ಸಹಕರಿಸಿ.

ತಮ್ಮ ವಿಶ್ವಾಸಿ,
ಬೀದಿಯ ನಿವಾಸಿಗಳ ಪರವಾಗಿ ಒಬ್ಬ

ವಿ.ಸೂ.: ಗುಂಡಿ ಮುಚ್ಚಿದ ಮೇಲೂ ಇಲ್ಲೇ ಉಳಿಯುವ ಮನಸ್ಸಿದ್ದರೆ, ಬರುವಾಗ ಮುಂಗಾಲೆರಡನ್ನೂ ಜೋಡಿಸಿ, ಕೊರಳಿಗೆ ‘ಜನ್ಮದಿನದ ಹಾರ್ದಿಕ ಶುಭಾಶಯಗಳು’ ಎಂದು ಕಟ್ಟಿಕೊಂಡು ಬನ್ನಿ. ಯಾರೂ ಮುಟ್ಟುವುದಿಲ್ಲ.